ಊರು ತಪ್ಪಿದವರ ಗುಳಿಗೆ: ಯುದ್ಧ ನಿರಾಶ್ರಿತರಿಗೆ ಎಚ್‌ಐವಿ ಚಿಕಿತ್ಸೆ

ಎಚ್‌ಐವಿಗೆ ಇಂದಿರುವ ಚಿಕಿತ್ಸೆ ಬಹುಮಟ್ಟಿಗೆ ದಿನಕ್ಕೊಂದು ಗುಳಿಗೆ, ಅದೂ ಬದುಕಿರುವವರೆಗೆ. ನುಂಗುತ್ತಿರುವಷ್ಟು ಕಾಲ ರಕ್ತದಲ್ಲಿ ವೈರಸ್ಸಿನ ಸಂಖ್ಯೆ ಪರೀಕ್ಷೆಗೆ ಸಿಗದಷ್ಟು ಕೆಳಗಿರುತ್ತದೆ, ರೋಗನಿರೋಧಕ ಶಕ್ತಿ ಚೇತರಿಸಿಕೊಳ್ಳುತ್ತದೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಗುಳಿಗೆ ನಿಂತರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ವೈರಸ್ ಮತ್ತೆ ತಲೆಯೆತ್ತುತ್ತದೆ. ನಡುನಡುವೆ ಬಿಡುವು ಕೊಟ್ಟರೆ ಹೇಗೆ ಎಂಬ ಪ್ರಶ್ನೆಯನ್ನು 33 ದೇಶಗಳ 5,472 ರೋಗಿಗಳ ಮೇಲೆ ಪರೀಕ್ಷಿಸಿದ ‘ಸ್ಮಾರ್ಟ್’ ಅಧ್ಯಯನವನ್ನು 2006ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬಿಡುವು ಪಡೆದವರಲ್ಲಿ ಕಾಯಿಲೆ ಅಥವಾ ಸಾವಿನ ಪ್ರಮಾಣ ಎರಡು ಪಟ್ಟಿಗೂ ಮಿಕ್ಕಿತ್ತು. ಅಂದಿನಿಂದ ಈ ಚಿಕಿತ್ಸೆಯಲ್ಲಿ ರಜೆ ಎಂಬುದಿಲ್ಲ.

ಯುದ್ಧದ ಪೆಟ್ಟು ಬೀಳುವುದು ಈ ದಿನಚರಿಯ ಮೇಲೆಯೇ. ಮನೆ ಬಿಟ್ಟು ಹೊರಟವರ ಕೈಚೀಲದಲ್ಲಿ ಮಗುವಿನ ಜನನ ಪತ್ರ, ಫೋನಿನ ಚಾರ್ಜರು, ಒಂದು ಜೊತೆ ಬಟ್ಟೆಯ ನಡುವೆ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದು ಇರುತ್ತದೆ. ಹೊರಗಿನ ಚೀಟಿಯನ್ನು ಎಷ್ಟೋ ಸಲ ಉಗುರಿನಿಂದ ಕೆರೆದು ತೆಗೆದಿರುತ್ತಾರೆ. ರೈಲಿನಲ್ಲಿ ಪಕ್ಕ ಕೂತವರು ಹೆಸರು ಓದಬಾರದು. ಒಳಗೆ ತೊಂಬತ್ತು ಗುಳಿಗೆ, ತೇವ ಹೀರುವ ಪುಟ್ಟ ಪೊಟ್ಟಣ. ಡಬ್ಬಿ ಖಾಲಿಯಾಗುವ ದಿನಾಂಕವನ್ನು ಬೆರಳೆಣಿಸಿ ಹೇಳಬಹುದು. ಅಷ್ಟರೊಳಗೆ ಆಶ್ರಯ ಕೊಟ್ಟ ದೇಶದಲ್ಲಿ ಇನ್ನೊಂದು ಡಬ್ಬಿ ಸಿಗಬೇಕು. ನಿರಾಶ್ರಿತರ ಎಚ್‌ಐವಿ ಆರೈಕೆಯ ಇಡೀ ಪ್ರಶ್ನೆ ಈ ಎರಡು ಡಬ್ಬಿಗಳ ನಡುವಿನ ಅಂತರದ್ದು. ಆ ಅಂತರವನ್ನು ಹಿಗ್ಗಿಸುವುದರಲ್ಲಿ ವೈರಸ್ಸಿಗಿಂತ ಕಾಗದಪತ್ರಗಳ ಪಾಲೇ ದೊಡ್ಡದು.

ಹಳೆಯ ತಪ್ಪುಕಲ್ಪನೆಯೊಂದು ಈ ಚರ್ಚೆಗೆ ಬಹುಕಾಲ ಅಡ್ಡ ನಿಂತಿತ್ತು. ಯುದ್ಧವೆಂದರೆ ಅತ್ಯಾಚಾರ, ಅಲೆದಾಟ, ಬಡತನ. ಆದ್ದರಿಂದ ನಿರಾಶ್ರಿತರು ಬಂದರೆ ಎಚ್‌ಐವಿಯೂ ಬಂತು ಎಂಬುದು ಆ ತರ್ಕ. ಪಾಲ್ ಸ್ಪೀಗೆಲ್ ಮತ್ತು ಸಂಗಡಿಗರು 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕಾಂಗೋ, ದಕ್ಷಿಣ ಸುಡಾನ್, ರುವಾಂಡಾ, ಸೊಮಾಲಿಯಾ ಸೇರಿ ಆಫ್ರಿಕಾದ ಏಳು ನಾಡುಗಳ ಅಂಕಿಅಂಶಗಳನ್ನು ಒಟ್ಟುಹಾಕಿ ನೋಡಿದಾಗ ಚಿತ್ರ ಬೇರೆಯೇ ಇತ್ತು. ಸಂಘರ್ಷದಿಂದ ಸೋಂಕಿನ ಪ್ರಮಾಣ ಏರಿತೆನ್ನಲು ಪುರಾವೆ ಸಿಗಲಿಲ್ಲ. ಹೋಲಿಸಿದ 12 ಶಿಬಿರ ಸಮೂಹಗಳ ಪೈಕಿ 9ರಲ್ಲಿ ನಿರಾಶ್ರಿತರ ಸೋಂಕು ಸುತ್ತಲಿನ ಸ್ಥಳೀಯರಿಗಿಂತ ಕಡಿಮೆಯೇ ಇತ್ತು. ಅದೇ ವರ್ಷದ ಜನವರಿಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ನಿರಾಶ್ರಿತರಿಗಾಗಿ ತನ್ನ ಎಆರ್‌ಟಿ (ಎಚ್‌ಐವಿ ನಿರೋಧಕ ಔಷಧ ಚಿಕಿತ್ಸೆ) ನೀತಿಯನ್ನು ಪ್ರಕಟಿಸಿತು. ಅದಕ್ಕೂ ಮೊದಲು ಕೇಳಿಬರುತ್ತಿದ್ದ ಮಾತು, ‘ಇವರು ಇಂದಿದ್ದು ನಾಳೆ ಹೋಗುವವರು, ಜೀವಮಾನದ ಔಷಧಿ ಶುರುಮಾಡುವುದು ಹೇಗೆ?’ ಎಂಬುದು. ಶಿಬಿರಗಳಲ್ಲಿ ಜನ ವರ್ಷಾನುಗಟ್ಟಲೆ, ಕೆಲವೆಡೆ ತಲೆಮಾರುಗಟ್ಟಲೆ ಉಳಿಯುತ್ತಾರೆಂಬುದು ಎಲ್ಲರಿಗೂ ಗೊತ್ತಿದ್ದರೂ ಈ ನೆಪ ನಡೆದುಬಂದಿತ್ತು. ಕೆನ್ಯಾದ ಕಾಕುಮಾ ಶಿಬಿರದಲ್ಲೂ ಮಲೇಷ್ಯಾದ ಕ್ವಾಲಾಲಂಪುರದಲ್ಲೂ ನಡೆದ ಅಧ್ಯಯನಗಳು ಅದನ್ನು ಅಲ್ಲಗಳೆದವು. ಔಷಧಿ ಸಿಕ್ಕರೆ ನಿರಾಶ್ರಿತರೂ ಸ್ಥಳೀಯರಷ್ಟೇ ನಿಷ್ಠೆಯಿಂದ ಅದನ್ನು ತೆಗೆದುಕೊಳ್ಳುತ್ತಾರೆ. ಹತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರಿರುವ ಉಗಾಂಡ ಅವರಿಗಾಗಿ ಬೇರೆ ಆಸ್ಪತ್ರೆ ಕಟ್ಟದೆ, ತನ್ನ ಜನರು ನಿಲ್ಲುವ ಸಾಲಿನಲ್ಲೇ ಅವರನ್ನೂ ನಿಲ್ಲಿಸುವ ದಾರಿ ಹಿಡಿಯಿತು.

ಆಫ್ರಿಕಾದ ಪಾಠಗಳು ಯೂರೋಪಿನ ನೆಲದಲ್ಲಿ ಪರೀಕ್ಷೆಗೆ ಒಳಗಾದದ್ದು 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದಲ್ಲಿ ದಾಳಿಯಿಟ್ಟ ಮೇಲೆ. ಪೂರ್ವ ಯೂರೋಪ್ ಮತ್ತು ಮಧ್ಯ ಏಷ್ಯಾ ಪ್ರದೇಶದಲ್ಲಿ ರಷ್ಯಾದ ನಂತರ ಅತಿ ಹೆಚ್ಚು ಸೋಂಕಿತರಿದ್ದ ದೇಶ ಉಕ್ರೇನ್. ಅಂದಾಜು ಎರಡೂವರೆ ಲಕ್ಷ. ಅಲ್ಲಿ ಪಿಡುಗು ಸ್ಫೋಟಿಸಿದ್ದು 1995ರಲ್ಲಿ, ಒಡೆಸಾ ಮತ್ತು ಮಿಕೊಲಾಯಿವ್ ಎಂಬ ಕಪ್ಪು ಸಮುದ್ರದ ಬಂದರು ನಗರಗಳಲ್ಲಿ, ಸೂಜಿಯಿಂದ ಮಾದಕ ದ್ರವ್ಯ ಚುಚ್ಚಿಕೊಳ್ಳುವವರ ನಡುವೆ. ಸೋವಿಯತ್ ಒಕ್ಕೂಟ ಕುಸಿದು ಕೆಲಸ, ಸಂಬಳ, ಆಸ್ಪತ್ರೆ ಎಲ್ಲವೂ ಒಟ್ಟಿಗೆ ಅಲುಗಾಡುತ್ತಿದ್ದ ಕಾಲವದು. ಅಲ್ಲಿಂದ ಸಂಗಾತಿಗಳಿಗೆ, ತಾಯಿಯಿಂದ ಮಕ್ಕಳಿಗೆ ಸೋಂಕು ಹಬ್ಬಿತು. ಆದರೆ ಯುದ್ಧದ ಹಿಂದಿನ ದಶಕದಲ್ಲಿ ಅದೇ ದೇಶ ಚಿಕಿತ್ಸೆಯಲ್ಲಿ ಬಹುದೂರ ಬಂದಿತ್ತು. ಸೋಂಕಿತರೇ 2001ರಲ್ಲಿ ಕಟ್ಟಿಕೊಂಡ ಜಾಲ ಇಂದು ‘100% ಲೈಫ್’ ಎಂಬ ಹೆಸರಿನಲ್ಲಿದೆ. 2021ರ ಹೊತ್ತಿಗೆ ಸುಮಾರು ಒಂದೂವರೆ ಲಕ್ಷ ಮಂದಿ ಎಆರ್‌ಟಿಯಲ್ಲಿದ್ದರು; ಕೋವಿಡ್ ಕಾಲದಲ್ಲಿ ಮೂರು, ಆರು ತಿಂಗಳ ಔಷಧಿಯನ್ನು ಒಮ್ಮೆಗೇ ಕೊಡುವ ಪದ್ಧತಿ ಬೇರೂರಿತ್ತು. ಸಾಂಕ್ರಾಮಿಕಕ್ಕೆಂದು ಮಾಡಿಕೊಂಡ ಈ ಏರ್ಪಾಡು ಬಾಂಬು ಬಿದ್ದಾಗ ಕೈಹಿಡಿಯಿತು.

ಉಕ್ರೇನಿಗೆ ಯುದ್ಧದ ಮೊದಲ ಪಾಠ 2014ರಲ್ಲೇ ಆಗಿತ್ತು. ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡಾಗ ಅಲ್ಲಿ ಸುಮಾರು 800 ಮಂದಿ ಮಾದಕ ವ್ಯಸನಕ್ಕೆ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಬದಲಿ ಚಿಕಿತ್ಸೆ ಪಡೆಯುತ್ತಿದ್ದರು. ರಷ್ಯಾದ ಕಾನೂನಿನಲ್ಲಿ ಈ ಚಿಕಿತ್ಸೆಗೇ ನಿಷೇಧ. ಕೆಲವೇ ವಾರಗಳಲ್ಲಿ ಔಷಧಿ ನಿಂತಿತು. ಅವರಲ್ಲಿ 80ರಿಂದ 100 ಮಂದಿ ಸತ್ತಿದ್ದಾರೆಂದು ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ಮಿಷೆಲ್ ಕಜಾಚ್ಕಿನ್ 2015ರ ಜನವರಿಯಲ್ಲಿ ಹೇಳಿದರು. ಅಲ್ಲಿ ಗಡಿ ದಾಟಿದ್ದು ಜನರಲ್ಲ. ಗಡಿಯೇ ಜನರನ್ನು ದಾಟಿಹೋಗಿತ್ತು.

2022ರಲ್ಲಿ ಜನರೇ ಹೊರಟರು. 18ರಿಂದ 60 ವರ್ಷದ ಗಂಡಸರು ದೇಶ ಬಿಡುವಂತಿರಲಿಲ್ಲ. ಹೀಗಾಗಿ ಪೋಲೆಂಡಿನ ಮೆಡಿಕಾ, ಪ್ಷೆಮಿಶ್ಲ್ ಕಡೆಗೆ ಸಾಗಿದ ಸಾಲುಗಳಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಹೆಚ್ಚು. ಯೂರೋಪಿನ ಎಚ್‌ಐವಿ ಕ್ಲಿನಿಕ್ಕುಗಳಿಗೆ ಇದು ಹೊಸತು. ಅಲ್ಲಿನ ರೋಗಿಗಳಲ್ಲಿ ಬಹುಪಾಲು ಗಂಡಸರು, ಅವರಲ್ಲೂ ಸಲಿಂಗಾಸಕ್ತ ಪುರುಷರು ದೊಡ್ಡ ಭಾಗ. ಕಾಯುವ ಕೋಣೆಯ ಕರಪತ್ರಗಳಿಂದ ಹಿಡಿದು ಆಪ್ತಸಲಹೆಯ ಧಾಟಿಯವರೆಗೆ ಎಲ್ಲವೂ ಅವರಿಗೆ ಹೊಂದಿಸಿದ್ದು. ಈಗ ಬಾಗಿಲಲ್ಲಿ ನಿಂತದ್ದು ಮಗುವನ್ನು ಎತ್ತಿಕೊಂಡ ತಾಯಿ. ಆಕೆಗೆ ಸ್ತ್ರೀರೋಗ ತಜ್ಞರು ಬೇಕು, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬೇಕು, ಮಗುವಿಗೆ ತೂಕ ನೋಡಿ ಕೊಡುವ ಔಷಧಿ ಬೇಕು.

ಕಾನೂನಿನ ಬಾಗಿಲು ಈ ಸಲ ಬೇಗ ತೆರೆಯಿತು. ಬಾಲ್ಕನ್ ಯುದ್ಧಗಳ ನೆನಪಿನಲ್ಲಿ 2001ರಲ್ಲೇ ಬರೆದಿಟ್ಟು ಒಮ್ಮೆಯೂ ಬಳಸದಿದ್ದ ತಾತ್ಕಾಲಿಕ ರಕ್ಷಣಾ ನಿರ್ದೇಶನವನ್ನು ಯೂರೋಪಿಯನ್ ಒಕ್ಕೂಟ 2022ರ ಮಾರ್ಚ್ 4ರಂದು ಜಾರಿಗೆ ತಂದಿತು. ಆಶ್ರಯ ಕೋರಿ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯದೆ ವಾಸ, ಕೆಲಸ, ವೈದ್ಯಕೀಯ ನೆರವು ಪಡೆಯುವ ಹಕ್ಕು ಅದರಿಂದ ಸಿಕ್ಕಿತು. ಪೋಲೆಂಡ್ ಮಾರ್ಚ್ 12ರಂದು ತನ್ನದೇ ವಿಶೇಷ ಕಾನೂನು ಮಾಡಿ, ಉಕ್ರೇನಿನವರಿಗೆ ‘ಪೆಸೆಲ್’ ಎಂಬ ಗುರುತಿನ ಸಂಖ್ಯೆ ಕೊಟ್ಟಿತು. ಅಲ್ಲಿ ಎಆರ್‌ಟಿ ಔಷಧಿಗಳ ಖರ್ಚು ಸಾಮಾನ್ಯ ಆರೋಗ್ಯ ವಿಮೆಯ ಲೆಕ್ಕಕ್ಕೆ ಬರುವುದಿಲ್ಲ. ಆರೋಗ್ಯ ಸಚಿವಾಲಯದ ಪ್ರತ್ಯೇಕ ಯೋಜನೆಯಡಿ, ರಾಷ್ಟ್ರೀಯ ಏಡ್ಸ್ ಕೇಂದ್ರದ ಮೂಲಕ, ವಾರ್ಸಾ, ವ್ರೊಟ್ಸ್ವಾಫ್, ಖೊಜೂಫ್, ಶ್ಚೆಚಿನ್ ಮುಂತಾದ ಊರುಗಳ ಸಾಂಕ್ರಾಮಿಕ ರೋಗ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತವೆ. ಇದರಲ್ಲೊಂದು ಅನುಕೂಲವಿತ್ತು, ಒಂದು ತೊಡಕೂ ಇತ್ತು. ಒಂದೇ ಕೈಯಿಂದ ಖರೀದಿಯಾದ್ದರಿಂದ ಆದೇಶ ಬದಲಿಸುವುದು ಸುಲಭ. ಆದರೆ ಕೇಂದ್ರಗಳು ಬೆರಳೆಣಿಕೆಯ ನಗರಗಳಲ್ಲಿ. ಹಳ್ಳಿಯ ಯಾರದೋ ಮನೆಯಲ್ಲಿ ಆಶ್ರಯ ಪಡೆದವಳು ಬೆಳಗಿನ ಬಸ್ಸು ಹಿಡಿಯುವಾಗ ಎಲ್ಲಿಗೆ, ಯಾಕೆ ಎಂಬ ಮನೆಯವರ ಪ್ರಶ್ನೆಗೆ ಉತ್ತರ ಹೊಂದಿಸಿಟ್ಟುಕೊಳ್ಳಬೇಕು.

ನಿಜವಾದ ತಲೆನೋವು ಶುರುವಾದದ್ದು ಗುಳಿಗೆಯಿಂದಲೇ. ಉಕ್ರೇನಿನಲ್ಲಿ ಹೆಚ್ಚಿನವರು ತೆಗೆದುಕೊಳ್ಳುತ್ತಿದ್ದುದು ಟಿಎಲ್‌ಡಿ: ಟೆನೊಫೊವಿರ್, ಲ್ಯಾಮಿವುಡೀನ್, ಡೊಲುಟೆಗ್ರಾವಿರ್ ಮೂರನ್ನೂ ಬೆರೆಸಿದ ಒಂದೇ ಮಾತ್ರೆ. ಕರ್ನಾಟಕದ ಎಆರ್‌ಟಿ ಕೇಂದ್ರಗಳಲ್ಲಿ ಇಂದು ಹೆಚ್ಚಿನವರಿಗೆ ಕೊಡುವುದೂ ಇದನ್ನೇ, ಕರೆಯುವುದೂ ಇದೇ ಹೆಸರಿನಿಂದ. ಜಗತ್ತಿಗೆ ಟಿಎಲ್‌ಡಿ ಪೂರೈಸುವವರಲ್ಲಿ ಭಾರತದ ಜೆನೆರಿಕ್ ಕಂಪನಿಗಳದ್ದೇ ಸಿಂಹಪಾಲು. ಡೊಲುಟೆಗ್ರಾವಿರಿನ ಪೇಟೆಂಟ್ ಹೊಂದಿರುವ ವೀವ್ ಹೆಲ್ತ್‌ಕೇರ್ 2014ರಲ್ಲಿ ‘ಮೆಡಿಸಿನ್ಸ್ ಪೇಟೆಂಟ್ ಪೂಲ್’ ಮೂಲಕ ಜೆನೆರಿಕ್ ತಯಾರಕರಿಗೆ ಪರವಾನಗಿ ಕೊಟ್ಟಾಗ ಉಕ್ರೇನ್ ಪಟ್ಟಿಯಲ್ಲಿರಲಿಲ್ಲ, 2016ರಲ್ಲಿ ಸೇರಿತು. ಹಾಗಾಗಿ ಉಕ್ರೇನಿನ ಲ್ವಿವ್ ನಗರದಲ್ಲಿ ಈ ಗುಳಿಗೆ ಅಗ್ಗವಾಗಿ ಸಿಗುತ್ತಿತ್ತು. 2023ರಲ್ಲಿ ಗ್ಲೋಬಲ್ ಫಂಡ್ ಪಡೆದ ದರದಂತೆ ಒಬ್ಬರಿಗೆ ವರ್ಷಕ್ಕೆ 45 ಡಾಲರಿಗೂ ಕಡಿಮೆ, ಅಂದರೆ ದಿನಕ್ಕೆ ಸುಮಾರು ಹತ್ತು ರೂಪಾಯಿ. ಅಲ್ಲಿಂದ ನೂರು ಕಿಲೋಮೀಟರು ಆಸುಪಾಸಿನಲ್ಲಿರುವ ಪ್ಷೆಮಿಶ್ಲ್ ತಲುಪಿದರೆ ಅದೇ ಗುಳಿಗೆ ಇಲ್ಲ. ಯೂರೋಪಿಯನ್ ಒಕ್ಕೂಟದ ಮಾರುಕಟ್ಟೆಯಲ್ಲಿ ಆ ಮೂರರ ಮಿಶ್ರಣದ ಮಾತ್ರೆ ಸಿಗುವುದಿಲ್ಲ. ಪರವಾನಗಿಯ ಪಟ್ಟಿಯಲ್ಲಿ ಶ್ರೀಮಂತ ದೇಶಗಳಿಗೆ ಜಾಗವಿಲ್ಲ. ಮೂಲ ಕಂಪನಿಗಳ ಮಾತ್ರೆಗಳಿಗೆ ತಿಂಗಳಿಗೆ ನೂರಾರು ಯೂರೊ. ಒಂದೇ ಔಷಧಿ ಬಡ ದೇಶದಲ್ಲಿ ಸುಲಭವಾಗಿ ಸಿಕ್ಕು ಸಿರಿವಂತ ದೇಶದಲ್ಲಿ ಸಿಗದಿರುವ ಈ ತಲೆಕೆಳಗು ಲೆಕ್ಕವನ್ನು ರೋಗಿಗೆ ವಿವರಿಸುವುದು ಯಾವ ವೈದ್ಯರಿಗೂ ಸಲೀಸಲ್ಲ.

ಪರಿಹಾರ ಎರಡು ಬಗೆಯಲ್ಲಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಕಚೇರಿ, ಯೂರೋಪಿನ ರೋಗ ನಿಯಂತ್ರಣ ಕೇಂದ್ರ ಇಸಿಡಿಸಿ ಮತ್ತು ಯೂರೋಪಿನ ಏಡ್ಸ್ ವೈದ್ಯರ ಸಂಘ ಇಎಸಿಎಸ್ 2022ರಲ್ಲೇ ಸೇರಿ ನಿರಾಶ್ರಿತರಿಗೆಂದು ಏಕರೂಪದ ಚಿಕಿತ್ಸಾ ಕ್ರಮ ಬರೆದವು. ಅದರ ತಿರುಳು ಸರಳ: ಇರುವ ಔಷಧಿಯನ್ನೇ ಮುಂದುವರಿಸಿ, ಅದಿಲ್ಲದಿದ್ದರೆ ಆದಷ್ಟು ಹತ್ತಿರದ್ದನ್ನು ಕೊಡಿ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಾ ಗುಳಿಗೆ ನಿಲ್ಲಿಸಬೇಡಿ. ಹೀಗೆ ಒಂದು ಗುಳಿಗೆಯ ಬದಲು ಡೊಲುಟೆಗ್ರಾವಿರ್ ಬೇರೆ, ಟೆನೊಫೊವಿರ್ ಜೋಡಿ ಬೇರೆ ಎಂದು ಎರಡಾಯಿತು. ಕೆಲವರಿಗೆ ಬಿಕ್ಟೆಗ್ರಾವಿರ್ ಇರುವ ಬೇರೊಂದು ಮಾತ್ರೆ ಬಂತು. ಇನ್ನೊಂದು ಕಡೆ, ದೇಶದೊಳಗೇ ಉಳಿದವರಿಗಾಗಿ ಅಮೆರಿಕದ ಪೆಪ್‌ಫಾರ್ ಯೋಜನೆಯ ಹಣದಲ್ಲಿ ಮೊದಲ ಕಂತಾಗಿ 1.8 ಕೋಟಿಗೂ ಹೆಚ್ಚು ಡೋಸ್ ಔಷಧಿ 2022ರ ವಸಂತದಲ್ಲಿ ಉಕ್ರೇನ್ ತಲುಪಿತು.

ಗುಳಿಗೆಯ ಬಣ್ಣ ಬದಲಾದರೆ ಏನು ಮಹಾ ಎನಿಸಬಹುದು. ವರ್ಷಗಟ್ಟಲೆ ಒಂದೇ ಮಾತ್ರೆಯನ್ನು ನಂಬಿ ಬದುಕಿದವರಿಗೆ ಅದು ಸಣ್ಣ ಮಾತಲ್ಲ. ವೈದ್ಯಕೀಯವಾಗಿಯೂ ಅಲ್ಲ. ಟೆನೊಫೊವಿರ್ ಮತ್ತು ಲ್ಯಾಮಿವುಡೀನ್ ಎಚ್‌ಐವಿಯ ಜೊತೆಗೆ ಹೆಪಟೈಟಿಸ್ ಬಿ ವೈರಸ್ಸನ್ನೂ ಅದುಮಿಡುತ್ತವೆ. ಎರಡೂ ಸೋಂಕಿರುವವರಿಗೆ ಗೊತ್ತಿಲ್ಲದೆ ಟೆನೊಫೊವಿರ್ ಇಲ್ಲದ ಮಾತ್ರೆಗೆ ಬದಲಿಸಿದರೆ ಪಿತ್ತಜನಕಾಂಗ ಹಠಾತ್ತನೆ ಕೆರಳಬಹುದು. ಕ್ಷಯವಿದ್ದರೆ ಲೆಕ್ಕ ಮತ್ತೆ ಬೇರೆ. ಕ್ಷಯದ ರಿಫಾಂಪಿಸಿನ್ ರಕ್ತದಲ್ಲಿ ಡೊಲುಟೆಗ್ರಾವಿರಿನ ಮಟ್ಟವನ್ನು ಇಳಿಸಿಬಿಡುವುದರಿಂದ ದಿನಕ್ಕೆ ಒಂದರ ಬದಲು ಎರಡು ಸಲ ಕೊಡಬೇಕು. ಬಹುಔಷಧ ನಿರೋಧಕ ಕ್ಷಯದ ಹೊರೆ ಹೆಚ್ಚಿರುವ ದೇಶಗಳಲ್ಲಿ ಉಕ್ರೇನ್ ಒಂದು.

ಆದ್ದರಿಂದ ಮೊದಲ ಭೇಟಿ ನಿಧಾನದ ಕೆಲಸ. ಎದುರಿನ ಹೆಂಗಸಿನ ಕೈಯಲ್ಲಿ ಆಸ್ಪತ್ರೆಯ ಕಡತವಿಲ್ಲ. ಅದು ಹಾರ್ಕಿವ್‌ನಲ್ಲೋ ಮರಿಯುಪೊಲ್‌ನಲ್ಲೋ ಉಳಿದಿದೆ, ಅಥವಾ ಉಳಿದೂ ಇಲ್ಲ. ಆಕೆ ಫೋನು ತೆಗೆದು ಡಬ್ಬಿಯ ಫೋಟೊ ತೋರಿಸುತ್ತಾಳೆ. ತನ್ನ ಚಿಕಿತ್ಸೆಯನ್ನು ‘ತೆರಾಪಿಯಾ’ ಎನ್ನುತ್ತಾಳೆ, ಸೋಂಕನ್ನು ‘ಸ್ತಾತುಸ್’ ಎನ್ನುತ್ತಾಳೆ. ಎಚ್‌ಐವಿ ಎಂಬ ಮೂರಕ್ಷರ ಬಾಯಿಗೆ ಬರುವುದಿಲ್ಲ. ಪೋಲಿಷ್ ಮತ್ತು ಉಕ್ರೇನಿಯನ್ ನೆಂಟ ಭಾಷೆಗಳಾದರೂ ಔಷಧಿ ತಪ್ಪಿದ ದಿನಗಳ ಲೆಕ್ಕ, ಗಂಡನಿಗೆ ಗೊತ್ತೇ ಎಂಬ ಪ್ರಶ್ನೆ ಬಂದಾಗ ದುಭಾಷಿ ಬೇಕೇ ಬೇಕು, ಆ ದುಭಾಷಿ ಆಕೆಯ ಹತ್ತು ವರ್ಷದ ಮಗ ಆಗಿರಬಾರದು. ಆಮೇಲೆ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ), ಸಿಡಿ4 ಎಂಬ ರೋಗನಿರೋಧಕ ಕಣಗಳ ಎಣಿಕೆ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಎದೆಯ ಎಕ್ಸ್‌ರೇ. ಅಷ್ಟೂ ಮುಗಿಯುವ ಮೊದಲೇ ಕೈಗೆ ಗುಳಿಗೆ ಬರಬೇಕು. ಉಕ್ರೇನಿನ ಸಾರ್ವಜನಿಕ ಆರೋಗ್ಯ ಕೇಂದ್ರದ ವಿದ್ಯುನ್ಮಾನ ದಾಖಲೆಗಳು, ‘ಅಲಯನ್ಸ್ ಫಾರ್ ಪಬ್ಲಿಕ್ ಹೆಲ್ತ್’ ಸಂಸ್ಥೆ ಶುರುಮಾಡಿದ ‘ಹೆಲ್ಪ್‌ನೌ’ ಸಹಾಯಜಾಲ ಇಲ್ಲಿ ಬಹಳ ಕೆಲಸ ಮಾಡಿದವು. ಯಾವ ಊರಲ್ಲಿ ಯಾವ ಕ್ಲಿನಿಕ್, ಯಾರನ್ನು ಕೇಳಬೇಕು ಎಂಬ ಮಾಹಿತಿ ಅಧಿಕೃತ ಸುತ್ತೋಲೆಗಿಂತ ವೇಗವಾಗಿ ಸೋಂಕಿತರ ಚಾಟ್ ಗುಂಪುಗಳಲ್ಲಿ ಹರಿದಾಡಿತು.

ಈ ಪರೀಕ್ಷೆಗಳಿಂದ ಏನು ತಿಳಿಯಿತೆಂಬುದನ್ನು ಪೋಲೆಂಡಿನ ವೈದ್ಯರು ಒಂಬೈನೂರಕ್ಕೂ ಹೆಚ್ಚು ಉಕ್ರೇನಿಯನ್ ರೋಗಿಗಳ ವಿವರ ಕಲೆಹಾಕಿ 2023ರಲ್ಲಿ ಪ್ರಕಟಿಸಿದರು. ಮುಕ್ಕಾಲು ಪಾಲಿನ ಹತ್ತಿರ ಹೆಂಗಸರು. ಮೊದಲೇ ಚಿಕಿತ್ಸೆಯಲ್ಲಿದ್ದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯಷ್ಟು ಜನರ ವೈರಸ್ ಹತೋಟಿಯಲ್ಲೇ ಇತ್ತು. ಬಾಂಬು, ಬಂಕರು, ರೈಲು, ಗಡಿ ಎಲ್ಲವನ್ನೂ ದಾಟಿ ಬಂದವರ ಲೆಕ್ಕವಿದು. ಗುಳಿಗೆ ಬಿಡದಿರಲು ಅವರು ಪಟ್ಟ ಪಾಡಿಗೆ ಬೇರೆ ಸಾಕ್ಷಿ ಬೇಡ. ಹೊಸದಾಗಿ ಸೋಂಕು ಪತ್ತೆಯಾದವರ ಕಥೆ ತದ್ವಿರುದ್ಧ. ನಾಲ್ವರಲ್ಲಿ ಮೂವರ ಸಿಡಿ4 ಎಣಿಕೆ ಆಗಲೇ 350ಕ್ಕಿಂತ ಇಳಿದಿತ್ತು ಅಥವಾ ಏಡ್ಸ್ ಹಂತ ಮುಟ್ಟಿತ್ತು. ಅಂದರೆ ಆ ಸೋಂಕು ಯುದ್ಧದ್ದಲ್ಲ, ಪೋಲೆಂಡಿನದ್ದೂ ಅಲ್ಲ. ವರ್ಷಗಳಿಂದ ಪರೀಕ್ಷೆಯಾಗದೆ ಉಳಿದದ್ದು. ವೈರಸ್ಸಿನ ತಳಿ ಬಹುತೇಕ ಎಲ್ಲರಲ್ಲೂ ಎ6. ಎರಡು ತಿಂಗಳಿಗೊಮ್ಮೆ ಚುಚ್ಚುವ ಕ್ಯಾಬೊಟೆಗ್ರಾವಿರ್–ರಿಲ್ಪಿವಿರೀನ್ ಇಂಜೆಕ್ಷನ್ ಅಲೆದಾಟದ ಬದುಕಿಗೆ ಹೇಳಿಮಾಡಿಸಿದಂತಿದೆ, ಡಬ್ಬಿ ಬಚ್ಚಿಡುವ ಗೋಳಿಲ್ಲ. ಆದರೆ ಆ ಇಂಜೆಕ್ಷನ್ ಸೋಲುವ ಸಾಧ್ಯತೆ ಹೆಚ್ಚಿಸುವ ಅಂಶಗಳಲ್ಲಿ ಎ6 ತಳಿಯೂ ಒಂದು.

ಬದಲಿ ಚಿಕಿತ್ಸೆಯವರ ಪಾಡು ಇನ್ನೂ ಬಿಗಿ. ಎಆರ್‌ಟಿ ನಾಲ್ಕು ದಿನ ತಡವಾದರೆ ದೇಹ ಕೂಡಲೇ ದೂರುವುದಿಲ್ಲ; ಮೆಥಡೋನ್ ಒಂದೆರಡು ದಿನ ತಪ್ಪಿದರೆ ನಡುಕ, ವಾಂತಿ, ನಿದ್ದೆಗೇಡು ಶುರು. ಯುದ್ಧದ ಆರಂಭದಲ್ಲಿ ಉಕ್ರೇನಿನಲ್ಲಿ ಸುಮಾರು 17,000 ಮಂದಿ ಈ ಚಿಕಿತ್ಸೆಯಲ್ಲಿದ್ದರು. ಅಲ್ಲಿ ಮನೆಗೆ ಒಯ್ಯಲು ದಿನಗಟ್ಟಲೆಯ ಔಷಧಿ ಕೊಡುತ್ತಿದ್ದರೆ, ಹೊಸ ದೇಶಗಳಲ್ಲಿ ಎಷ್ಟೋ ಕಡೆ ದಿನವೂ ಕ್ಲಿನಿಕ್ಕಿಗೆ ಬಂದು ನರ್ಸಿನ ಎದುರೇ ಕುಡಿಯಬೇಕೆಂಬ ನಿಯಮ. ಎಆರ್‌ಟಿ ಕೊಡುವ ಕೇಂದ್ರವೊಂದು, ಮೆಥಡೋನ್ ಕೊಡುವ ಕೇಂದ್ರ ಇನ್ನೊಂದು, ಕೆಲವೊಮ್ಮೆ ಇನ್ನೊಂದು ಊರು. ಎರಡೂ ಬೇಕಾದವರು ಕೆಲಸ ಹುಡುಕುವುದು ಯಾವಾಗ ಎಂಬುದಕ್ಕೆ ನಿಯಮ ಪುಸ್ತಕದಲ್ಲಿ ಉತ್ತರವಿಲ್ಲ.

ಕ್ಲಿನಿಕ್ಕಿಗೆ ಬಾರದೇ ಉಳಿದವರೂ ಇದ್ದಾರೆ. ಸೋಂಕು ಗೊತ್ತಾದರೆ ಮನೆ ಕೊಟ್ಟವರು ಹೊರಹಾಕುತ್ತಾರೆ, ಕೆಲಸ ಹೋಗುತ್ತದೆ, ದೇಶದಿಂದಲೇ ಕಳಿಸುತ್ತಾರೆ ಎಂಬ ಭಯ ಅವರದು. ಮೂರನೆಯದು ತಾತ್ಕಾಲಿಕ ರಕ್ಷಣೆಯಲ್ಲಿರುವವರ ಮಟ್ಟಿಗೆ ಸುಳ್ಳು, ಮೊದಲಿನೆರಡು ಯಾವಾಗಲೂ ಸುಳ್ಳಲ್ಲ. ಕೆಲವರು ಉಕ್ರೇನಿನಲ್ಲಿದ್ದ ನೆಂಟರಿಂದ ಅಂಚೆಯಲ್ಲಿ ಗುಳಿಗೆ ತರಿಸಿಕೊಂಡರು. ಕೆಲವರು ಮೂರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಲ್ವಿವ್‌ವರೆಗೆ ಹೋಗಿ ಡಬ್ಬಿ ತಂದರು. ಯುದ್ಧ ನಡೆಯುತ್ತಿರುವ ದೇಶಕ್ಕೆ ಔಷಧಿಗಾಗಿ ಮರಳುವುದು ವಿಚಿತ್ರವೆನಿಸಿದರೂ, ಪರಿಚಿತ ನರ್ಸಿನ ಮುಂದೆ ಹೊಸದಾಗಿ ಏನನ್ನೂ ವಿವರಿಸಬೇಕಿಲ್ಲ ಎಂಬುದು ಅದರ ಹಿಂದಿನ ಲೆಕ್ಕ.

ಅಂಕಿಅಂಶಗಳ ಗೊಂದಲವೂ ಸಣ್ಣದಲ್ಲ. ಆಶ್ರಯ ದೇಶದಲ್ಲಿ ಮೊದಲ ಸಲ ದಾಖಲಾದವರನ್ನು ಹಲವು ದೇಶಗಳು ‘ಹೊಸ ಪ್ರಕರಣ’ವೆಂದೇ ಎಣಿಸುತ್ತವೆ, ಸೋಂಕು ಇಪ್ಪತ್ತು ವರ್ಷ ಹಳೆಯದಿದ್ದರೂ. 2022ರಲ್ಲಿ ಯೂರೋಪಿಯನ್ ಒಕ್ಕೂಟ ಮತ್ತು ಆರ್ಥಿಕ ವಲಯದ ದೇಶಗಳಲ್ಲಿ 22,995 ಪ್ರಕರಣ ದಾಖಲಾಗಿ ಹಿಂದಿನ ವರ್ಷಕ್ಕಿಂತ ಏರಿಕೆ ಕಂಡಾಗ, ಅದಕ್ಕೆ ಒಂದು ಕಾರಣ ಹೀಗೆ ಮರುದಾಖಲಾದ ಉಕ್ರೇನಿಯನ್ನರು ಎಂದು ಇಸಿಡಿಸಿ ಸ್ಪಷ್ಟಪಡಿಸಬೇಕಾಯಿತು. ಪತ್ರಿಕೆಯ ತಲೆಬರಹದಲ್ಲಿ ಈ ವಿವರಣೆಗೆ ಜಾಗ ಸಿಗುವುದಿಲ್ಲ. ‘ನಿರಾಶ್ರಿತರಿಂದ ಎಚ್‌ಐವಿ ಏರಿಕೆ’ ಎಂಬಷ್ಟೇ ಉಳಿಯುತ್ತದೆ. ಚಿಕಿತ್ಸೆಯಲ್ಲಿರುವವರಿಂದ ಹರಡುವುದಿಲ್ಲ ಎಂಬ ವಿಜ್ಞಾನ ಅದರಡಿ ಹೂತುಹೋಗುತ್ತದೆ.

ಉಕ್ರೇನಿನವರಿಗೆ ಸಿಕ್ಕ ಸ್ವಾಗತವನ್ನು ಎಲ್ಲ ನಿರಾಶ್ರಿತರಿಗೂ ಸಿಕ್ಕದ್ದೆಂದು ತಿಳಿದರೆ ತಪ್ಪಾದೀತು. ಜರ್ಮನಿಯಲ್ಲಿ 2022ರ ಜೂನ್‌ನಿಂದ ಉಕ್ರೇನಿಯನ್ನರು ಸಾಮಾನ್ಯ ಸಾಮಾಜಿಕ ನೆರವು ಮತ್ತು ವಿಮೆಯ ವ್ಯಾಪ್ತಿಗೆ ಬಂದರು. ಸಿರಿಯಾ, ಅಫ್ಘಾನಿಸ್ತಾನ, ಎರಿಟ್ರಿಯಾದಿಂದ ಬಂದು ಆಶ್ರಯದ ಅರ್ಜಿ ಹಾಕಿದವರಿಗೆ ಮಾತ್ರ ಬೇರೆ ಕಾನೂನು. ಮೊದಲ ಅವಧಿಯಲ್ಲಿ ತೀವ್ರ ಕಾಯಿಲೆ ಮತ್ತು ನೋವಿಗಷ್ಟೇ ಚಿಕಿತ್ಸೆ ಹಕ್ಕು. ಉಳಿದದ್ದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಆ ಅವಧಿಯನ್ನು 2024ರಲ್ಲಿ 18 ತಿಂಗಳಿಂದ 36ಕ್ಕೆ ಏರಿಸಲಾಯಿತು. ದಿನಕ್ಕೊಂದು ಗುಳಿಗೆಯಿಂದ ಆರೋಗ್ಯವಾಗಿರುವ ಎಚ್‌ಐವಿ ರೋಗಿಗೆ ‘ತೀವ್ರ’ ಎಂಬ ಪದ ಎಂದೂ ಹೊಂದುವುದಿಲ್ಲ, ಗುಳಿಗೆ ನಿಂತ ಮೇಲಷ್ಟೇ ಹೊಂದುತ್ತದೆ. ಉಕ್ರೇನಿನಿಂದಲೇ ಓಡಿಬಂದ ವಿದೇಶಿ ವಿದ್ಯಾರ್ಥಿಗಳಂಥವರೂ ತಾತ್ಕಾಲಿಕ ರಕ್ಷಣೆಯ ಚೌಕಟ್ಟಿನ ಅಂಚಿನಲ್ಲಿ ಅಥವಾ ಹೊರಗೆ ಉಳಿದರು.

ತಾತ್ಕಾಲಿಕ ರಕ್ಷಣೆಯನ್ನು ಒಕ್ಕೂಟ ಸದ್ಯ 2027ರ ಮಾರ್ಚ್ 4ರವರೆಗೆ ವಿಸ್ತರಿಸಿದೆ. ಪೋಲೆಂಡ್ 2025ರ ಸೆಪ್ಟೆಂಬರಿನಲ್ಲಿ ಮಾಡಿದ ಕಾನೂನು, ಕೆಲಸವಿಲ್ಲದ ವಯಸ್ಕ ಉಕ್ರೇನಿಯನ್ನರಿಗೆ ಸಿಗುತ್ತಿದ್ದ ಕೆಲವು ವೈದ್ಯಕೀಯ ಸೌಲಭ್ಯಗಳನ್ನು ಮೊಟಕುಗೊಳಿಸಿತು. ಅದೇ ವರ್ಷದ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ಸ್ಥಗಿತಗೊಳಿಸಿದಾಗ ಪೆಪ್‌ಫಾರ್ ಹಣವನ್ನು ನೆಚ್ಚಿಕೊಂಡ ಉಕ್ರೇನಿನ ಯೋಜನೆಗಳೂ, ಆಫ್ರಿಕಾದ ಶಿಬಿರಗಳಿರುವ ದೇಶಗಳ ಯೋಜನೆಗಳೂ ಒಟ್ಟಿಗೆ ತತ್ತರಿಸಿದವು.

ಈ ನಡುವೆ ಮರಳಿ ಹೋಗುವವರೂ ಇದ್ದಾರೆ. ಗಂಡ ರಜೆಯಲ್ಲಿ ಬರುತ್ತಾನೆಂದು, ತಾಯಿಗೆ ಹುಷಾರಿಲ್ಲವೆಂದು, ಅಥವಾ ಸಾಕಾಯಿತೆಂದು. ಹೊರಡುವ ಮುನ್ನ ವಾರ್ಸಾದ ಆಸ್ಪತ್ರೆಯ ಔಷಧಾಲಯದಿಂದ ಕೆಲವು ತಿಂಗಳ ಗುಳಿಗೆ, ಪೋಲಿಷ್ ಭಾಷೆಯ ಒಂದು ಸಾರಾಂಶ ಪತ್ರ ಕೈಗೆ ಸಿಗುತ್ತವೆ. ಆ ಮಾತ್ರೆ ಮುಗಿದ ಮೇಲೆ ಅದೇ ಕಂಪನಿಯದ್ದು ಊರಿನಲ್ಲಿ ಸಿಗುವುದು ಅಪರೂಪ. ಅಲ್ಲಿನ ವೈದ್ಯರು ಪತ್ರ ಓದಿಸಿಕೊಂಡು, ವೈರಲ್ ಲೋಡ್ ನೋಡಿ, ಮತ್ತೆ ಟಿಎಲ್‌ಡಿಯ ಬಿಳಿ ಡಬ್ಬಿಯನ್ನೇ ಮುಂದೆ ತಳ್ಳುತ್ತಾರೆ.